ಮನೆಯ ವೈರಿಂಗ್: ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರನ್ನು ಹುಡುಕುವುದು ಹೇಗೆ, ನೀವೇ ಆಗುವುದು ಹೇಗೆ

ಶಿವಮೊಗ್ಗದಲ್ಲಿ ಮನೆ ಕಟ್ಟುವವರು ಬಾಗಿಲಿನ ಮರಕ್ಕಾಗಿ ಊರಿನ ಡಿಪೋಗಳನ್ನೆಲ್ಲ ಸುತ್ತುತ್ತಾರೆ. ಟೈಲ್ಸಿನ ಬಣ್ಣಕ್ಕೆ ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ವೈರಿಂಗ್ ಮಾತು ಬಂದಾಗ ಮಾತ್ರ “ಮೇಸ್ತ್ರಿ ಯಾರನ್ನೋ ಕರೆದುಕೊಂಡು ಬರುತ್ತಾರಂತೆ” ಎಂದು ಕೈತೊಳೆದುಕೊಳ್ಳುತ್ತಾರೆ. ಬಂದವರು ಪೈಪು ಹಾಕುತ್ತಾರೆ, ವೈರು ಎಳೆಯುತ್ತಾರೆ, ಸ್ವಿಚ್ಚು ಕೂರಿಸುತ್ತಾರೆ. ಮೀಟರಿಗೆ ಅರ್ಜಿ ಹಾಕುವ ದಿನ ಲೈಸೆನ್ಸ್ ಬೇಕೆಂದು ಗೊತ್ತಾಗುತ್ತದೆ. ಆಗ ಇನ್ನೊಬ್ಬರು ಬರುತ್ತಾರೆ, ಹೊಸಿಲು ದಾಟದೆ ಕಾಗದಕ್ಕೆ ಸಹಿ ಹಾಕಿ, ಸಹಿಯ ದುಡ್ಡು ಜೇಬಿಗಿಟ್ಟು ಹೊರಡುತ್ತಾರೆ. ಆ ಕಾಗದದಲ್ಲಿ “ಪರೀಕ್ಷಿಸಿದ್ದೇನೆ, ಸರಿಯಾಗಿದೆ” ಎಂದು ಬರೆದಿರುತ್ತದೆ.

ಸೂಪರ್‌ವೈಸರ್ ಪರ್ಮಿಟ್ ಇಟ್ಟುಕೊಂಡು ಇದೇ ಊರಿನಲ್ಲಿ ದುಡಿಯುವವನಾಗಿ ಹೇಳುತ್ತೇನೆ: ಸಹಿ ಹಾಕುವ ಕೈ ಮತ್ತು ಮೆಗ್ಗರ್ (ವೈರಿನ ಹೊದಿಕೆಯಿಂದ ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಉಪಕರಣ) ಹಿಡಿಯುವ ಕೈ ಒಂದೇ ಆಗಿರಬೇಕು. ಕೆಲಸ ಕೊಡುವವರಿಗೂ ಕೆಲಸ ಕಲಿಯುವವರಿಗೂ ಈ ಬರಹದಲ್ಲಿ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಯಾರ ಬಳಿ ಯಾವ ಕಾಗದ ಇರಬೇಕು?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು. ಈಗ ಅವುಗಳ ಜಾಗದಲ್ಲಿ 2023ರ ನಿಯಮಗಳಿವೆ. ಎರಡರ ತಿರುಳೂ ಒಂದೇ: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಹಾಗೆಯೇ ಬದಲಾಯಿಸುವಂಥ ಚಿಲ್ಲರೆ ಕೆಲಸ ಬಿಟ್ಟರೆ, ಹೊಸ ವೈರಿಂಗ್, ಹೆಚ್ಚುವರಿ ಪಾಯಿಂಟ್, ಬದಲಾವಣೆ, ರಿಪೇರಿ ಎಲ್ಲವನ್ನೂ ರಾಜ್ಯ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಿಸಬೇಕು, ಪ್ರಮಾಣಪತ್ರವಿರುವ ಮೇಲ್ವಿಚಾರಕರು ಎದುರಿಗಿರಬೇಕು.

ಕರ್ನಾಟಕದಲ್ಲಿ ಈ ಪರವಾನಗಿ ಕೊಡುವುದು ಇಂಧನ ಇಲಾಖೆಯ ಅಡಿಯಲ್ಲಿರುವ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆ. ಮೆಸ್ಕಾಂ ಕೊಡುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ, ಅದು ತಪ್ಪು. ಮೆಸ್ಕಾಂ ಕರೆಂಟು ಕೊಡುವ ಕಂಪನಿ. ಅಲ್ಲಿನ ನೌಕರರ ಗುರುತಿನ ಚೀಟಿ ನಿಮ್ಮ ಮನೆಯ ವೈರಿಂಗ್‌ಗೆ ಪರವಾನಗಿ ಆಗುವುದಿಲ್ಲ.

ಕಾಗದಗಳು ಮೂರು. ವೈರ್‌ಮನ್ ಪರ್ಮಿಟ್ ಕೈಯಾರೆ ಕೆಲಸ ಮಾಡುವವರದು. ಸೂಪರ್‌ವೈಸರ್ ಪರ್ಮಿಟ್ ಮೇಲ್ವಿಚಾರಣೆ ಮಾಡಿ, ಪರೀಕ್ಷಿಸಿ, ಹೊಣೆ ಹೊರುವವರದು. ಕಂಟ್ರಾಕ್ಟರ್ ಲೈಸೆನ್ಸ್ ಕೆಲಸವನ್ನು ಗುತ್ತಿಗೆ ಹಿಡಿಯುವ ಸಂಸ್ಥೆಯದು ಅಥವಾ ವ್ಯಕ್ತಿಯದು. ಸಣ್ಣ ಊರುಗಳಲ್ಲಿ ಕೊನೆಯ ಎರಡೂ ಒಬ್ಬರ ಬಳಿಯೇ ಇರುವುದುಂಟು. ಐಟಿಐ ಸರ್ಟಿಫಿಕೇಟ್ ಇವುಗಳಲ್ಲಿ ಯಾವುದೂ ಅಲ್ಲ. ಅದು ಓದಿನ ದಾಖಲೆ ಅಷ್ಟೆ.

ಹುಡುಕುವುದು ಯಾವಾಗ?

ಮೋಲ್ಡ್ ಹಾಕುವ ಮೊದಲು. ಗೋಡೆ ಎದ್ದ ಮೇಲೆ ಎಂದಲ್ಲ, ಪ್ಲಾಸ್ಟರ್ ಆದ ಮೇಲೆ ಎಂದಂತೂ ಅಲ್ಲವೇ ಅಲ್ಲ. ಛಾವಣಿಯ ಕಬ್ಬಿಣ ಕಟ್ಟುವಾಗಲೇ ಫ್ಯಾನ್ ಬಾಕ್ಸ್ ಮತ್ತು ಪೈಪುಗಳು ಕೂರಬೇಕು. ಅಲ್ಲಿ ಬಿಟ್ಟುಹೋದ ಒಂದು ಪೈಪಿಗಾಗಿ ಆಮೇಲೆ ಗೋಡೆ ಕೊರೆದು ಸುತ್ತು ಹಾಕಬೇಕಾಗುತ್ತದೆ. ಕಾಂಕ್ರೀಟು ಸುರಿಯುವ ದಿನ ಎಲೆಕ್ಟ್ರಿಷಿಯನ್ ಕಡೆಯ ಒಬ್ಬರು ಮೇಲೆ ನಿಂತಿರಲಿ. ವೈಬ್ರೇಟರ್ ತಾಗಿ ಜಾಯಿಂಟ್ ಬಿಟ್ಟು, ಸಿಮೆಂಟ್ ಹಾಲು ಒಳನುಗ್ಗಿ ಪೈಪು ಕಟ್ಟಿಕೊಳ್ಳುವುದು ಆ ಎರಡು ಮೂರು ಗಂಟೆಯಲ್ಲೇ.

ಅದಕ್ಕೂ ಮೊದಲು ನೀವು ಮಾಡಬೇಕಾದ ತಯಾರಿ ಒಂದಿದೆ. ಮನೆಯ ನಕ್ಷೆಯ ಪ್ರತಿ ತೆಗೆದುಕೊಂಡು, ಕೋಣೆಕೋಣೆಗೂ ಏನೇನು ಓಡುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಇಂದಿನ ಲೆಕ್ಕ ಸಾಲದು. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್. ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ, ಮಿಕ್ಸಿ, ಓವನ್ ಒಟ್ಟಿಗೆ ಓಡಿದರೆ ಅದರ ಲೆಕ್ಕವೇ ಬೇರೆ. ಬೋರ್‌ವೆಲ್ ಮೋಟಾರ್, ಮುಂದೆ ತೆಗೆದುಕೊಳ್ಳಬಹುದಾದ ಎಲೆಕ್ಟ್ರಿಕ್ ಸ್ಕೂಟರ್, ಛಾವಣಿಯ ಸೋಲಾರ್‌ನಿಂದ ಕೆಳಗಿಳಿಯುವ ಪೈಪು, ಯುಪಿಎಸ್ ಇಡುವ ಜಾಗ ಇವೆಲ್ಲ ಆ ನಕ್ಷೆಯ ಮೇಲೆ ಬರಲಿ. ಈ ಹಾಳೆ ಕೈಯಲ್ಲಿದ್ದರೆ ಮಾತ್ರ ಇಬ್ಬರು ಮೂವರು ಗುತ್ತಿಗೆದಾರರ ದರವನ್ನು ಹೋಲಿಸಬಹುದು. ಇಲ್ಲದಿದ್ದರೆ ಒಬ್ಬೊಬ್ಬರೂ ಒಂದೊಂದು ಮನೆಗೆ ದರ ಹೇಳಿರುತ್ತಾರೆ.

ಹೆಸರು ಎಲ್ಲಿ ಸಿಗುತ್ತದೆ? ಎಲೆಕ್ಟ್ರಿಕಲ್ ಅಂಗಡಿಯವರನ್ನು ಕೇಳಬಹುದು, ಆದರೆ ಅವರು ಹೇಳುವುದು ತಮ್ಮಲ್ಲಿ ಹೆಚ್ಚು ಖರೀದಿಸುವವರ ಹೆಸರನ್ನು. ನಿಮ್ಮ ಬಡಾವಣೆಯಲ್ಲಿ ನಾಲ್ಕೈದು ಮಳೆಗಾಲ ಕಂಡಿರುವ ಮನೆಗಳವರನ್ನು ಕೇಳುವುದು ಮೇಲು. ಮಲೆನಾಡಿನ ಅಂಚಿನ ಊರು ಇದು. ಏಪ್ರಿಲ್‌, ಮೇ ತಿಂಗಳ ಗುಡುಗು ಮಳೆ, ಆಮೇಲಿನ ಜಡಿಮಳೆ, ಗೋಡೆಯ ತೇವ ಇವುಗಳನ್ನು ತಾಳಿಕೊಂಡಿತೇ ಎಂಬುದೇ ವೈರಿಂಗ್‌ನ ನಿಜವಾದ ಪರೀಕ್ಷೆ. ಗೃಹಪ್ರವೇಶದ ದಿನ ಎಲ್ಲರ ಮನೆಯ ದೀಪವೂ ಉರಿಯುತ್ತದೆ.

ಮಾತುಕತೆಯ ದಿನ

ಲೈಸೆನ್ಸ್ ಪ್ರತಿಯನ್ನು ಕೇಳಿ. ಕೇಳಲು ಸಂಕೋಚ ಬೇಡ, ಇರುವವರು ಹೆಮ್ಮೆಯಿಂದಲೇ ತೋರಿಸುತ್ತಾರೆ. ನೋಡಬೇಕಾದ್ದು ಇಷ್ಟು: ಹೆಸರು ಎದುರಿಗೆ ಕೂತವರದೇ ಅಥವಾ “ನಮ್ಮ ಕಡೆಯವರದು” ಎಂಬ ಇನ್ಯಾರದೋ, ನವೀಕರಣದ ಅವಧಿ ಮುಗಿದಿದೆಯೇ, ನಿಮ್ಮ ಲೋಡಿಗೆ ಆ ದರ್ಜೆ ಸಾಕೇ. ಸಂದೇಹ ಬಂದರೆ ಸಂಖ್ಯೆಯನ್ನು ಬರೆದುಕೊಂಡು ವಿದ್ಯುತ್ ಪರಿವೀಕ್ಷಣೆಯ ಕಚೇರಿಯಲ್ಲಿ ವಿಚಾರಿಸಿ. ನಂತರ ಈ ಒಂದು ಪ್ರಶ್ನೆ ಕೇಳಿ: “ಕೆಲಸ ಮುಗಿದ ಮೇಲೆ ಮೆಗ್ಗರ್ ಹಾಕುವವರು ಯಾರು, ನಾನು ಎದುರಿಗೆ ನಿಂತು ನೋಡಬಹುದೇ?” ಉತ್ತರ ತಡವರಿಸಿದರೆ ಟೀ ಕುಡಿದು ಎದ್ದುಬನ್ನಿ.

ದರ ಹೇಳುವ ಕ್ರಮ ಎರಡು. ಚದರದ ಲೆಕ್ಕ ಒಂದು, ಪಾಯಿಂಟಿನ ಲೆಕ್ಕ ಇನ್ನೊಂದು. ಚದರದ ಲೆಕ್ಕದಲ್ಲಿ ಗುತ್ತಿಗೆದಾರರಿಗೆ ಪಾಯಿಂಟು ಕಡಿಮೆ ಮಾಡುವ ಆಸೆ, ಪಾಯಿಂಟಿನ ಲೆಕ್ಕದಲ್ಲಿ ಹೆಚ್ಚು ಮಾಡುವ ಆಸೆ. ನಕ್ಷೆಯ ಮೇಲೆ ಎಲ್ಲವನ್ನೂ ಗುರುತು ಮಾಡಿದ ಮೇಲೆ ಪಾಯಿಂಟಿನ ಲೆಕ್ಕವೇ ನ್ಯಾಯ ಎನ್ನುವುದು ನನ್ನ ಅಭಿಪ್ರಾಯ. ಡಿ.ಬಿ. (ಮೇನ್ ಕರೆಂಟನ್ನು ಮನೆಯ ಸರ್ಕ್ಯೂಟುಗಳಿಗೆ ಹಂಚುವ ಪೆಟ್ಟಿಗೆ), ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ), ಮೇನ್ ಲೈನು, ಮೀಟರ್ ಬೋರ್ಡು, ಮೆಸ್ಕಾಂ ಅರ್ಜಿಯ ಕೆಲಸ ಇವು ಪಾಯಿಂಟಿನೊಳಗೆ ಬರುತ್ತವೆಯೇ, ಹೊರಗೆಯೇ ಎಂದು ಬರೆಸಿಕೊಳ್ಳಿ. ಜಗಳಗಳು ಹುಟ್ಟುವುದು ಇಲ್ಲೇ.

ಹಣವನ್ನು ನಾಲ್ಕು ಹಂತದಲ್ಲಿ ಕೊಡಿ: ಮೋಲ್ಡಿನ ಪೈಪು ಆದ ಮೇಲೆ, ಗೋಡೆಯ ಪೈಪು ಮತ್ತು ಬಾಕ್ಸು ಆದ ಮೇಲೆ, ವೈರು ಎಳೆದ ಮೇಲೆ, ಪರೀಕ್ಷೆ ಮುಗಿದ ಮೇಲೆ. ಕೊನೆಯ ಕಂತು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬಾರದು. ಹಾಗೆಯೇ, ಬೇರೆಯವರಿಂದ ಕೆಲಸ ಮಾಡಿಸಿ ಸಹಿಗೆ ಮಾತ್ರ ಇವರ ಬಳಿ ಹೋಗುವ ಜಾಣತನ ನೀವೂ ಮಾಡಬೇಡಿ. ಸಹಿ ಮಾರುವವರು ಇರುವುದು ಕೊಳ್ಳುವವರು ಇರುವುದರಿಂದ.

ಸಾಮಾನು

ಸಾಮಾನನ್ನು ನೀವೇ ತರುವುದಾದರೆ ಬ್ರಾಂಡಿನ ಹೆಸರಿಗಿಂತ ಅಳತೆಯ ಮೇಲೆ ಕಣ್ಣಿಡಿ. ಸಾಮಾನ್ಯವಾಗಿ ಲೈಟು, ಫ್ಯಾನಿಗೆ ಒಂದೂವರೆ ಎಂಎಂ (ಅಂದರೆ ಚದರ ಮಿಲಿಮೀಟರ್) ವೈರು, 16 ಆಂಪಿಯರ್ ಪ್ಲಗ್ಗಿಗೆ ಎರಡೂವರೆ, ಗೀಸರ್ ಮತ್ತು ಎಸಿಗೆ ನಾಲ್ಕು, ಮೇನಿಗೆ ಲೋಡು ನೋಡಿಕೊಂಡು ಆರು ಅಥವಾ ಹತ್ತು. ಪ್ರತಿ ಪ್ಲಗ್ಗಿಗೂ ಹಸಿರು ಅರ್ಥ್ ವೈರು ಹೋಗಲೇಬೇಕು. ವೈರಿನ ಸುರುಳಿಯ ಮೇಲೆ ಐಎಸ್ 694 ಎಂಬ ಸಂಖ್ಯೆ, ಐಎಸ್‌ಐ ಗುರುತು, ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಅಂಗಡಿಯಲ್ಲೇ ನಿಂತು ನೋಡಿ, ಅಂಗಡಿಯವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು, ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಪದೇಪದೇ ಟ್ರಿಪ್ ಆಗುತ್ತದೆ ಎಂದು 16ರ ಜಾಗದಲ್ಲಿ 32 ಆಂಪಿಯರಿನದನ್ನು ಕೂರಿಸಿದರೆ ಗೋಡೆಯೊಳಗಿನ ಒಂದೂವರೆ ಎಂಎಂ ವೈರೇ ಫ್ಯೂಸ್ ಆಗುತ್ತದೆ. ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸು ಬಂತೇ ಎಂದು ಅದು ತೂಗುತ್ತಲೇ ಇರುತ್ತದೆ. ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಮನೆಗೆ 30 ಮಿಲಿ ಆಂಪಿಯರಿನದು ಬೇಕು. 100, 300ರವು ಬೆಂಕಿಯ ಅಪಾಯ ತಡೆಯಲಿಕ್ಕೆ, ಜೀವ ಉಳಿಸಲಿಕ್ಕಲ್ಲ. ಸಿಡಿಲಿನ ಊರಾದ್ದರಿಂದ ಡಿ.ಬಿ.ಯಲ್ಲಿ ಸರ್ಜ್ ತಡೆಯುವ ಸಾಧನವನ್ನೂ ಹಾಕಿಸಿ, ಒಂದು ಟಿ.ವಿ. ಉಳಿದರೂ ಅದರ ದುಡ್ಡು ಹುಟ್ಟುತ್ತದೆ.

ಗೋಪಾಳದ ಒಂದು ಮನೆಯಲ್ಲಿ ಡಿ.ಬಿ. ಬಾಗಿಲು ತೆಗೆದಾಗ ಕಂಡದ್ದು ಇದು: ಒಳ್ಳೆಯ ಕಂಪನಿಯ ಆರ್‌ಸಿಸಿಬಿ ಕೂತಿದೆ, ಗುಂಡಿ ಮೇಲೆದ್ದಿದೆ, ಆದರೆ ಅದರ ಕೆಳಗಿನ ತುದಿಗಳಿಗೆ ವೈರೇ ಇಲ್ಲ. ಪಕ್ಕದಿಂದ ಫೇಸು, ನ್ಯೂಟ್ರಲ್ ಎರಡೂ ನೇರವಾಗಿ ಎಂಸಿಬಿ ಸಾಲಿಗೆ ಹೋಗಿವೆ. ಕಾರಣ ಊಹಿಸುವುದು ಕಷ್ಟವಲ್ಲ. ಯುಪಿಎಸ್ ಕೂರಿಸಲು ಬಂದವರು ಅದರ ನ್ಯೂಟ್ರಲ್ಲನ್ನು ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಜೊತೆ ಸೇರಿಸಿದ್ದಾರೆ. ಹೋದ ದಾರಿಯಲ್ಲಿ ಕರೆಂಟು ಹಿಂದಿರುಗದೆ ಆರ್‌ಸಿಸಿಬಿ ಬಿದ್ದಿದೆ. ಮನೆಯವರು ಬೈದಿದ್ದಾರೆ. ನ್ಯೂಟ್ರಲ್ ಬಿಡಿಸುವುದು ಅರ್ಧ ದಿನದ ಕೆಲಸ, ಆರ್‌ಸಿಸಿಬಿ ತಪ್ಪಿಸುವುದು ಹತ್ತು ನಿಮಿಷದ್ದು. ಯುಪಿಎಸ್ ಮಾರುವ ಅಂಗಡಿಯ ಹುಡುಗರನ್ನು ಡಿ.ಬಿ. ಮುಟ್ಟಲು ಬಿಡಬೇಡಿ ಎನ್ನುವುದು ಇದಕ್ಕಾಗಿ. ವೈರಿಂಗ್ ಮಾಡುವಾಗಲೇ ಯುಪಿಎಸ್ ಲೈನಿಗೆ ಪ್ರತ್ಯೇಕ ನ್ಯೂಟ್ರಲ್ ಎಳೆಸಿಬಿಡಿ.

ಅರ್ಥಿಂಗ್: ಇಲ್ಲಿ ಸ್ವಲ್ಪ ನಿಲ್ಲಬೇಕು

ನಮ್ಮ ಕಡೆ ಅನೇಕ ನಿವೇಶನಗಳು ಜಂಬಿಟ್ಟಿಗೆಯ ಗಟ್ಟಿ ನೆಲದ ಮೇಲಿವೆ. ಈ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ನೀರು ನಿಲ್ಲದ ನೆಲದಲ್ಲಿ ಕರೆಂಟೂ ಸುಲಭವಾಗಿ ಹರಿಯುವುದಿಲ್ಲ. ಅರ್ಥಿಂಗ್‌ನ ಮಾನದಂಡ ಐಎಸ್ 3043 ಹೇಳುವ ಪೈಪ್ ಅರ್ಥಿಂಗ್‌ಗೆ ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪು ಬೇಕು. ನಾನು ಕಿತ್ತು ನೋಡಿದ ಹಳೆಯ ಗುಂಡಿಗಳಲ್ಲಿ ಎಷ್ಟೋ ಕಡೆ ನಾಲ್ಕಡಿಯ ತುಂಡು, ಒಂದು ಬುಟ್ಟಿ ಇದ್ದಿಲು, ಒಂದು ಪೊಟ್ಟಣ ಉಪ್ಪು ಇಷ್ಟೇ ಇತ್ತು.

ಪರೀಕ್ಷೆ ಎಂದು ಬಹಳ ಮಂದಿ ಮಾಡುವುದು ಬಲ್ಬಿನ ಆಟ. ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಬಲ್ಬು ಹಿಡಿಯುತ್ತಾರೆ, ಝಗ್ಗೆಂದು ಉರಿದರೆ “ಅರ್ಥ್ ಭರ್ಜರಿಯಾಗಿದೆ ಸಾರ್” ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಉರಿಯುವ ಆ ಬಲ್ಬಿನ ರೋಧ ಸುಮಾರು 530 ಓಮ್. ನಿಮ್ಮ ಅರ್ಥಿಂಗ್ 50 ಓಮ್‌ನಷ್ಟು ಕೆಟ್ಟದಾಗಿದ್ದರೂ ಬಲ್ಬಿಗೆ 210 ವೋಲ್ಟ್ ಸಿಗುತ್ತದೆ, ಬೆಳಕಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಅದೇ 50 ಓಮ್‌ನ ಅರ್ಥಿಂಗ್ ಇರುವ ಮನೆಯಲ್ಲಿ ಗೀಸರಿನ ಒಳಗೆ ಫೇಸ್ ವೈರು ಲೋಹದ ಮೈಗೆ ತಾಗಿತು ಎನ್ನಿ. ನೆಲಕ್ಕೆ ಹರಿಯುವುದು 230 ಭಾಗಿಸು 50, ಅಂದರೆ 4.6 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಒಂದು ಇಸ್ತ್ರಿಪೆಟ್ಟಿಗೆಯ ಲೋಡಿನಂತೆ ಕಾಣುತ್ತದೆ. ಅದು ಬೀಳುವುದೇ ಇಲ್ಲ. ಗೀಸರಿನ ಮೈ, ನಲ್ಲಿ, ಒದ್ದೆ ನೆಲದ ಮೇಲೆ ನಿಂತವರು... ಆಗ ಉಳಿಯುವ ಒಂದೇ ಆಸರೆ ಆರ್‌ಸಿಸಿಬಿ. ಅದನ್ನೂ ತಪ್ಪಿಸಿದ್ದರೆ ಏನೂ ಇಲ್ಲ.

ಹಾಗಾಗಿ ಅರ್ಥ್ ಟೆಸ್ಟರ್ ಎಂಬ ಉಪಕರಣದಿಂದ, ಎರಡು ಗೂಟ ನೆಟ್ಟು, ಓಮ್‌ನಲ್ಲಿ ಅಳೆದ ಸಂಖ್ಯೆ ಬೇಕು. ಆ ಸಂಖ್ಯೆಯನ್ನು ಬೇಸಿಗೆಯಲ್ಲಿ ಅಳೆಸಿ. ಮಳೆಗಾಲದಲ್ಲಿ ನೆಲ ನೆನೆದಿರುವಾಗ ಎಂಥ ಅರ್ಥಿಂಗೂ ಒಳ್ಳೆಯದೆಂದು ತೋರುತ್ತದೆ. ಒಂದು ಗುಂಡಿ ಸಾಲದಿದ್ದರೆ ಒಂದು ಪೈಪಿನ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಇನ್ನೊಂದು ತೆಗೆದು ಎರಡನ್ನೂ ಜೋಡಿಸಬೇಕು.

ಸಹಿಗೆ ಮೊದಲು ನಿಮ್ಮ ಎದುರಿಗೆ ಆಗಬೇಕಾದ್ದು

ಮೊದಲು ಮೆಗ್ಗರ್. ಮೇನ್ ಆಫ್ ಇರಬೇಕು, ಬಲ್ಬುಗಳನ್ನು ಬಿಚ್ಚಿರಬೇಕು, ಸ್ವಿಚ್ಚುಗಳೆಲ್ಲ ಆನ್ ಇರಬೇಕು, ಯುಪಿಎಸ್ ಮತ್ತು ಸರ್ಜ್ ಸಾಧನದಂಥ ಸೂಕ್ಷ್ಮ ವಸ್ತುಗಳನ್ನು ಕಳಚಿರಬೇಕು. 500 ವೋಲ್ಟಿನ ಮೆಗ್ಗರಿನಿಂದ ವೈರಿಗೂ ಅರ್ಥಿಗೂ ನಡುವೆ, ಆಮೇಲೆ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ನೋಡುತ್ತಾರೆ. ಒಂದು ಮೆಗಾ ಓಮ್‌ಗಿಂತ ಕೆಳಗೆ ಇರಕೂಡದು. ಹೊಸ ಮನೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಮೇಲಿರಬೇಕು. ಒಂದರ ಹತ್ತಿರ ಸುಳಿಯುತ್ತಿದ್ದರೆ ಎಲ್ಲೋ ಮೊಳೆ ತಾಗಿದೆ ಅಥವಾ ಬಾಕ್ಸಿನಲ್ಲಿ ನೀರಿದೆ.

ನಂತರ ಕರೆಂಟು ಕೊಟ್ಟು, ಸ್ವಿಚ್ ಕಡಿಯುವುದು ಫೇಸನ್ನೇ ಎಂದು ಪ್ರತಿ ಪಾಯಿಂಟಿನಲ್ಲೂ ನೋಡಬೇಕು. ಗಾಂಧಿ ಬಜಾರಿನ ಸುತ್ತಲಿನಂಥ ಹಳೆಯ ಮನೆಗಳಿಗೆ ಹೊಸ ಪಾಯಿಂಟ್ ಸೇರಿಸಿದ ಕಡೆ ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ಟೆಸ್ಟರ್ ಹೊಳೆಯುವುದು ಅಪರೂಪವಲ್ಲ. ಕೊನೆಗೆ ಆರ್‌ಸಿಸಿಬಿ. ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದರೆ ಬೀಳಬೇಕು. ತಿಂಗಳಿಗೊಮ್ಮೆ ನೀವೇ ಒತ್ತಿ. ಆದರೆ ಅದರಿಂದ ಯಂತ್ರ ಸರಿಯಿದೆ ಎಂದು ತಿಳಿಯುತ್ತದೆಯೇ ಹೊರತು, ನಿಮ್ಮ ವೈರಿಂಗ್ ಅದರ ಮೂಲಕವೇ ಹಾದಿದೆ ಎಂದಲ್ಲ. ಅದಕ್ಕೆ ಪ್ರತಿ ಪ್ಲಗ್ಗಿನಲ್ಲೂ ಉಪಕರಣ ಹಾಕಿ ಬೀಳಿಸಿ ನೋಡುವಂತೆ ಹೇಳಿ. ಇದು ಎಲೆಕ್ಟ್ರಿಷಿಯನ್ ಕೆಲಸ, ನೀವು ಕೈಹಾಕಬೇಡಿ.

ಬಂದ ಸಂಖ್ಯೆಗಳನ್ನು ಕಾಗದದಲ್ಲಿ ಬರೆಸಿ, ತಾರೀಖು ಹಾಕಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಪೈಪುಗಳ ಮೊಬೈಲ್ ಚಿತ್ರಗಳನ್ನು ಪ್ಲಾಸ್ಟರಿಗೆ ಮೊದಲೇ ತೆಗೆದಿಟ್ಟಿದ್ದರೆ ಮುಂದೆ ಮೊಳೆ ಹೊಡೆಯುವವರಿಗೆ ಉಪಕಾರ.

ಮೀಟರಿನ ದಾರಿ

ಕೆಲಸ ಮುಗಿದ ವರದಿಯನ್ನು ಗುತ್ತಿಗೆದಾರರು ಮೆಸ್ಕಾಂ ಉಪವಿಭಾಗಕ್ಕೆ ಕೊಡುತ್ತಾರೆ. ಠೇವಣಿ ಕಟ್ಟಿದ ಮೇಲೆ ಅಲ್ಲಿಯ ಎಂಜಿನಿಯರರು ಬಂದು ನೋಡಿ ಮೀಟರ್ ಕೂರಿಸುತ್ತಾರೆ, ಆರ್.ಆರ್. ನಂಬರ್ (ಬಿಲ್ಲಿನಲ್ಲಿ ಬರುವ ನಿಮ್ಮ ಸಂಪರ್ಕದ ಸಂಖ್ಯೆ) ಸಿಗುತ್ತದೆ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪು ಸ್ವಾಧೀನಾನುಭವ ಪತ್ರ (ಒ.ಸಿ.) ಇಲ್ಲದೆ ಕರೆಂಟು ಕೊಡಬಾರದು ಎಂದಿತು, ಆ ಗೊಂದಲ ರಾಜ್ಯದ ತುಂಬ ಇತ್ತು, ಸಣ್ಣ ನಿವೇಶನದ ಮನೆಗಳಿಗೆ ಸರ್ಕಾರ ಆಮೇಲೆ ವಿನಾಯಿತಿ ತಂದಿತು. ನಿಮ್ಮ ನಿವೇಶನ ಅದರೊಳಗೆ ಬರುತ್ತದೆಯೇ ಎಂದು ಪಾಯ ತೋಡುವ ಮೊದಲೇ ಉಪವಿಭಾಗದಲ್ಲಿ ವಿಚಾರಿಸಿ. ಕಟ್ಟಡ 15 ಮೀಟರಿಗಿಂತ ಎತ್ತರವಿದ್ದರೆ ವಿದ್ಯುತ್ ಪರಿವೀಕ್ಷಕರ ಒಪ್ಪಿಗೆಯೂ ಬೇಕು.

ಮೀಟರಿನಿಂದ ಆಚೆಗೆ, ಕಂಬದ ಕಡೆಗೆ ಇರುವುದೆಲ್ಲ ಮೆಸ್ಕಾಂನದು. ಎಂಥ ಲೈಸೆನ್ಸ್ ಇದ್ದವರೂ ಅಲ್ಲಿ ಕೈಹಾಕುವಂತಿಲ್ಲ. ಕಂಬದಲ್ಲಿ ಕಿಡಿ ಕಂಡರೆ 1912ಕ್ಕೆ ಕರೆ ಮಾಡಿ. ಇನ್ನೊಂದು ಮಾತು: 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ಲನ್ನು ಯಾರೂ ತೆರೆದು ನೋಡುವುದಿಲ್ಲ. ಮೋಟಾರಿನ ಕೇಬಲ್ ಸೋರುತ್ತಿದ್ದರೆ ಹಿಂದೆ ಬಿಲ್ ಹೇಳುತ್ತಿತ್ತು. ದುಡ್ಡು ಕಟ್ಟುವುದು ಬೇಡ, ಯೂನಿಟ್ ಎಷ್ಟೆಂದಾದರೂ ನೋಡಿ.

ನೀವೇ ಆಗಬೇಕೆಂದಿದ್ದರೆ

ಎಸ್‌ಎಸ್‌ಎಲ್‌ಸಿ ಆದವರಿಗೆ ನೇರ ದಾರಿ ಐಟಿಐನ ಎಲೆಕ್ಟ್ರಿಷಿಯನ್ ಟ್ರೇಡ್, ಎರಡು ವರ್ಷ. ವೈರ್‌ಮನ್ ಟ್ರೇಡೂ ಎರಡು ವರ್ಷದ್ದೇ. ಎರಡರಲ್ಲಿ ಆಯ್ಕೆ ಇದ್ದರೆ ಎಲೆಕ್ಟ್ರಿಷಿಯನ್ ಹಿಡಿಯಿರಿ, ಅದರಲ್ಲಿ ಮೋಟಾರು, ಟ್ರಾನ್ಸ್‌ಫಾರ್ಮರು, ನಿಯಂತ್ರಣ ಫಲಕಗಳೂ ಬರುವುದರಿಂದ ಕಾರ್ಖಾನೆಯ ಬಾಗಿಲೂ ತೆರೆದಿರುತ್ತದೆ. ರಾಜ್ಯದಲ್ಲಿ ಪ್ರವೇಶದ ಪ್ರಕಟಣೆ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯಿಂದ ಬರುತ್ತದೆ. ಖಾಸಗಿ ಐಟಿಐ ಸೇರುವ ಮೊದಲು ಒಂದು ದಿನ ಅದರ ವರ್ಕ್‌ಶಾಪಿನಲ್ಲಿ ಸುಮ್ಮನೆ ಅಡ್ಡಾಡಿ. ಬೋರ್ಡುಗಳ ಮೇಲೆ ದೂಳು ಕೂತಿದ್ದರೆ ಶುಲ್ಕ ಎಷ್ಟೇ ಕಡಿಮೆ ಇದ್ದರೂ ಬೇಡ.

ಮುಗಿದ ಮೇಲೆ ಶಿಶಿಕ್ಷುತನ, ಅಂದರೆ ಅಪ್ರೆಂಟಿಸ್. ಅಪ್ರೆಂಟಿಸಸ್ ಕಾಯ್ದೆ 1961ರ ಪ್ರಕಾರ ಭತ್ಯೆ ಸಿಗುತ್ತದೆ, ಮುಗಿದಾಗ ರಾಷ್ಟ್ರೀಯ ಪ್ರಮಾಣಪತ್ರ ಸಿಗುತ್ತದೆ. ವಿದ್ಯುತ್ ಕಂಪನಿಗಳು, ರೈಲ್ವೆ, ಕಾರ್ಖಾನೆಗಳು ಹುಡುಗರನ್ನು ತೆಗೆದುಕೊಳ್ಳುತ್ತವೆ. ಇದನ್ನು ಬಿಟ್ಟು ನೇರವಾಗಿ ದಿನಗೂಲಿಗೆ ಇಳಿಯುವವರೇ ಹೆಚ್ಚು. ಮನೆಯ ಕಷ್ಟ ಹಾಗಿದ್ದರೆ ತಪ್ಪೆನ್ನಲಾಗದು, ಆದರೆ ಆ ಒಂದು ಪತ್ರ ಮುಂದೆ ಬಹಳ ಬಾಗಿಲು ತೆರೆಯುತ್ತದೆ. ಓದು ಮುಂದುವರಿಸುವ ಮನಸ್ಸಿದ್ದರೆ ಐಟಿಐ ಆದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಸೂಪರ್‌ವೈಸರ್ ಪರ್ಮಿಟಿಗೆ ಡಿಪ್ಲೊಮಾದವರ ದಾರಿ ಸಲೀಸು. ಶಾಲೆ ಬಿಟ್ಟು ಕೈಕೆಲಸದಲ್ಲೇ ಪಳಗಿದವರೂ ನಿರಾಶರಾಗಬೇಕಿಲ್ಲ. ಅನುಭವದ ಆಧಾರದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ಐಟಿಐ ಅಂತಿಮ ಪರೀಕ್ಷೆಗೆ ಕೂರುವ ಅವಕಾಶವಿದೆ.

ಪರ್ಮಿಟ್ ಅರ್ಜಿಯಲ್ಲಿ ಜನ ಎಡವುವುದು ಅನುಭವದ ಪತ್ರದಲ್ಲಿ. ನಿಮಗೆ ಕೆಲಸ ಕಲಿಸಿದವರಿಗೇ ಲೈಸೆನ್ಸ್ ಇಲ್ಲದಿದ್ದರೆ ಅವರು ಕೊಡುವ ಪತ್ರಕ್ಕೆ ಬೆಲೆಯಿಲ್ಲ. ಆದ್ದರಿಂದ ಸಂಬಳ ನೂರು ರೂಪಾಯಿ ಕಡಿಮೆಯಾದರೂ ಲೈಸೆನ್ಸ್ ಇರುವವರ ಕೈಕೆಳಗೆ ಸೇರಿ. ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ: ತಾರೀಖು, ಯಾವ ಬಡಾವಣೆ, ಎಷ್ಟು ಲೋಡು, ನೀವು ಮಾಡಿದ್ದೇನು, ಮೆಗ್ಗರ್ ಮತ್ತು ಅರ್ಥ್ ಸಂಖ್ಯೆ ಎಷ್ಟು ಬಂತು. ತಿಂಗಳಿಗೊಮ್ಮೆ ಮೇಲ್ವಿಚಾರಕರ ಸಹಿ ಹಾಕಿಸಿ. ಅನುಭವದ ಪತ್ರ ಬರೆಯುವ ದಿನ ಅವರಿಗೂ ಸುಲಭ, ಸಂದರ್ಶನದಲ್ಲಿ ಪ್ರಶ್ನೆ ಬಂದಾಗ ನಿಮಗೂ ಸುಲಭ.

ಪರ್ಮಿಟ್ ಬಂದ ಮೇಲೆ ನವೀಕರಣದ ತಾರೀಖನ್ನು ಮರೆಯಬೇಡಿ. ಕಂಟ್ರಾಕ್ಟರ್ ಲೈಸೆನ್ಸಿಗೆ ಮುಂದುವರಿಯುವಾಗ ಮೇಲ್ವಿಚಾರಕರ ಪರ್ಮಿಟ್ ಇರುವವರು ನಿಮ್ಮಲ್ಲಿರಬೇಕು, ಸ್ವಂತ ಉಪಕರಣಗಳನ್ನೂ ತೋರಿಸಬೇಕಾಗುತ್ತದೆ. ಮೊದಲು ಕೊಳ್ಳಬೇಕಾದ್ದು ಮೆಗ್ಗರ್, ನಂತರ ಕ್ಲ್ಯಾಂಪ್ ಮೀಟರ್ (ವೈರು ಬಿಚ್ಚದೆಯೇ ಕರೆಂಟು ಅಳೆಯುವುದು), ನಂತರ ಅರ್ಥ್ ಟೆಸ್ಟರ್. ಗೋಡೆ ಕೊರೆಯುವ ಯಂತ್ರ ಬಾಡಿಗೆಗೆ ಸಿಗುತ್ತದೆ.

ಸಣ್ಣ ಊರಿನಲ್ಲಿ ಈ ಉಪಕರಣಗಳೇ ಹೊಸ ಕೆಲಸ ತರುತ್ತವೆ. ಹಳೆಯ ಮನೆ ಕೊಳ್ಳುವವರು ವೈರಿಂಗ್ ಹೇಗಿದೆ ಎಂದು ಬರೆದುಕೊಡುವವರನ್ನು ಹುಡುಕುತ್ತಾರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಛಾವಣಿ ಸೋಲಾರಿಗೆ 78,000 ರೂಪಾಯಿ ಸಹಾಯಧನವಿದೆ. ಅದನ್ನು ಕೂರಿಸುವ ನೋಂದಾಯಿತ ಸಂಸ್ಥೆಗಳಿಗೆ ಊರೂರಲ್ಲೂ ಪರ್ಮಿಟ್ ಇರುವ ಕೈಗಳು ಬೇಕು. ಸೋಲಾರಿನ ಪ್ಯಾನಲ್ ಕಡೆಯ ವೈರು ಮೇನ್ ಆಫ್ ಮಾಡಿದರೂ ಬಿಸಿಲಿರುವ ತನಕ ಸತ್ತಿರುವುದಿಲ್ಲ. ಅದರ ತರಬೇತಿಯನ್ನು ಬೇರೆಯಾಗಿಯೇ ಪಡೆದು ಏಣಿ ಹತ್ತಿ.